ಫಲಾವಳಿಯಿಂದ ಬಿದ್ದ ಕಪ್ಪೆ

ನನಗೆ ಪ್ರಾಣಿದಯೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಕಳೆದ ಚೌತಿಯಿಂದ ಈಚೆಗೆ ಅಂಕೋಲೆ ಪೇಟೆಯಲ್ಲಿ ನನ್ನ ಬಗ್ಗೆ ಬೇರೆಯೇ ಮಾತು ಹಬ್ಬಿದೆ. ಮೊನ್ನೆ ಬಂಗಡೆಗೆ ಚೌಕಾಶಿ ಮಾಡುತ್ತ ನಿಂತಿದ್ದಾಗ ಮೀನು ಮಾರುವವಳು ಪಕ್ಕದವಳಿಗೆ, "ಕಪ್ಪೆ ಉಳಿಸದ್ರಲ್ಲಾ, ಆ ಅಮ್ಮ ಇವ್ರೇ ಕಾಣು" ಎಂದಳು. ಹಾಗೆಂದು ಬಂಗಡೆಯ ದರ ಇಳಿಸಲಿಲ್ಲ. ಪ್ರಾಣಿದಯೆ ಇರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ದಯೆಯೆಲ್ಲ ಹುಲಿ, ಆನೆ, ನವಿಲು ಇಂಥವುಗಳ ಮೇಲೆ. ಅಂದರೆ ಬಚ್ಚಲಿಗೆ ಬಾರದ ಪ್ರಾಣಿಗಳ ಮೇಲೆ. ನೆಲಗಪ್ಪೆ ಬಚ್ಚಲಿಗೆ ಬರುತ್ತದೆ. ಮಳೆಗಾಲ ಶುರುವಾದರೆ ಸಾಕು, ನಮ್ಮ ಹಂಡೆಯ ಹಿಂದೆ ಒಂದು, ಬಾಗಿಲ ಸಂದಿಯಲ್ಲಿ ಒಂದು, ನನ್ನ ಎಡಗಾಲಿನ ಚಪ್ಪಲಿಯಲ್ಲಿ ಒಂದು. ಕಾಗೆಗೆ ಮರ್ಯಾದೆ ಇದೆ, ಹುಶ್ ಎಂದರೆ ಹಾರುತ್ತದೆ. ಹಾವಿಗೂ ನಾಚಿಕೆ ಇದೆ, ಮನುಷ್ಯರನ್ನು ಕಂಡರೆ ಸರಿದು ಹೋಗುತ್ತದೆ. ನೆಲಗಪ್ಪೆಗೆ ಎರಡೂ ಇಲ್ಲ. ಕಾರವಾರದ ನನ್ನ ಕಚೇರಿಯಲ್ಲಿ ರಜೆ ಅರ್ಜಿ ಹಿಡಿದು ಹೋದರೆ ಮೇಲಿನವರು ಕೂತಿರುತ್ತಾರಲ್ಲ, ಹ್ಞೂಂ ಎನ್ನದೆ, ಊಹ್ಞೂಂ ಎನ್ನದೆ, ಗಂಟಲು ಮಾತ್ರ ಆಡಿಸುತ್ತ, ಹಾಗೆ ಕೂತಿರುತ್ತದೆ. ಇಂಥ ಜೀವಿಯ ಮೇಲೆ ದಯೆ ತೋರಿಸಲು ನಾನೇನು ಸಂತಳೇ? ಕಸಬರಿಗೆಯಿಂದ ದೂಡುತ್ತೇನೆ. ಅದು ಒಂದು ಗೇಣು ಸರಿದು, ನಾನು ತಿರುಗಿದೊಡನೆ ಮತ್ತೆ ಅಲ್ಲಿಗೇ ಬರುತ್ತದೆ.

ಇಂಥ ನನ್ನ ಮನೆಯ ಗಣಪತಿಯ ಮಂಟಪದಲ್ಲೇ ಕಪ್ಪೆ ಕೂರುವ ಹಾಗಾಯಿತು. ಅದಕ್ಕೆ ಕಾರಣ ನನ್ನ ಮೈದುನ ವಸಂತ ಮತ್ತು ಅವನ ಫಲಾವಳಿಯ ಹುಚ್ಚು. ನಮ್ಮ ಕಡೆ ಚೌತಿಗೆ ಗಣಪತಿಯನ್ನು ಕೂರಿಸಿ ಮೇಲೆ ಬರೀ ಬಣ್ಣದ ಕಾಗದ ಕಟ್ಟಿದರೆ ಮುಗಿಯುವುದಿಲ್ಲ. ಮಂಟಪದ ಮೇಲೆ ಒಂದು ಮರದ ಚೌಕಟ್ಟು ತೂಗಿಬಿಟ್ಟು, ಅದಕ್ಕೆ ತೋಟದ ಕಾಯಿ, ಕಾಡಿನ ಹಣ್ಣು, ಹೂ, ಬಳ್ಳಿ, ಸೊಪ್ಪು ಎಲ್ಲ ಕಟ್ಟಬೇಕು. ಅದೇ ಫಲಾವಳಿ, ಕಾರವಾರದ ಕೊಂಕಣಿ ಮನೆಗಳಲ್ಲಿ ಮಾಟೋಳಿ ಎನ್ನುತ್ತಾರೆ. ಭಕ್ತಿಯ ಕಾಲದಲ್ಲಿ ಇದು ಭಕ್ತಿಯಿಂದ ನಡೆಯುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ನಾನು ನೋಡುತ್ತ ಬಂದದ್ದು ಹೊಟ್ಟೆಕಿಚ್ಚಿನ ಫಲಾವಳಿಯನ್ನು. ಎದುರು ಮನೆಯ ದತ್ತಣ್ಣ ಎರಡು ವರ್ಷದ ಹಿಂದೆ ಸೌತೆಕಾಯಿ, ಚಕ್ಕೋತಗಳ ನಡುವೆ ಡ್ರ್ಯಾಗನ್ ಫ್ರೂಟ್ ತೂಗಿಬಿಟ್ಟು ಊರನ್ನೆಲ್ಲ ಕರೆದು ತೋರಿಸಿದ. ಅಂದಿನಿಂದ ವಸಂತನ ನಿದ್ದೆ ಹಾರಿತು. "ಪೇಟೆಲಿ ಕೊಂಡದ್ದು ಫಲಾವಳಿ ಹೆಂಗಾಗ್ತದೆ ವೈನಿ? ಕಾಡಿಂದು ಕಾಡಿಂದೇ" ಎನ್ನುತ್ತಾನೆ. ಅವನ ಕೆಲಸ ಕೈಗಾದಲ್ಲಿ. ಕಾರವಾರಕ್ಕೆ ಹೋಗಿ ಅಲ್ಲಿಂದ ಕಂಪನಿಯ ಬಸ್ಸು ಹಿಡಿಯುತ್ತಾನೆ. ಉಳಿದವರು ಆ ಬಸ್ಸಿನಲ್ಲಿ ನಿದ್ದೆ ಮಾಡಿದರೆ ಇವನು ವರ್ಷವಿಡೀ ಕಿಟಕಿಗೆ ಮೂಗು ಒತ್ತಿ, ಯಾವ ತಿರುವಿನಲ್ಲಿ ಯಾವ ಬಳ್ಳಿ ಕಾಯಿ ಬಿಟ್ಟಿದೆ ಎಂದು ಗುರುತು ಹಾಕಿಕೊಳ್ಳುತ್ತಾನೆ. ಇಷ್ಟು ಶ್ರದ್ಧೆಯನ್ನು ಮದುವೆಯ ಹೆಣ್ಣು ನೋಡುವುದರಲ್ಲಿ ತೋರಿಸಿದ್ದರೆ ಇಷ್ಟೊತ್ತಿಗೆ ಮನೆಗೆ ಇನ್ನೊಬ್ಬ ಸೊಸೆ ಬಂದು ನನ್ನ ಚಕ್ಕುಲಿ ಒತ್ತುವ ಕೆಲಸ ಅರ್ಧವಾಗುತ್ತಿತ್ತು.

ಕಳೆದ ವರ್ಷ ಚೌತಿಯ ಹಿಂದಿನ ದಿನ ವಸಂತ ಆ ದಾರಿಯ ಬದಿಯ ಬೆಟ್ಟ ಹತ್ತಿದ. ಮೇಲೊಂದು ಹಳ್ಳವಿದೆ. ಅದರ ಬದಿಯ ಬಂಡೆಗಳ ಮೇಲೆ, ನೀರಿನ ಹನಿ ಸದಾ ಸಿಡಿಯುವ ಜಾಗದಲ್ಲಿ, ಕೆಂಪು ಕಾಯಿಯ ಒಂದು ಬಳ್ಳಿಯಂತೆ. ಹೆಸರು ಅವನಿಗೂ ಗೊತ್ತಿಲ್ಲ. ದತ್ತಣ್ಣನ ಹತ್ತಿರ ಇಲ್ಲ ಎಂಬುದಷ್ಟೇ ಗೊತ್ತು. ಬಳ್ಳಿ ಬಾಡಬಾರದೆಂದು ಅದನ್ನು ಬೇರು, ಪಾಚಿ, ಮಣ್ಣು ಸಮೇತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ತಂದ. ತಂದವನು ಬಿಚ್ಚಿ ನೋಡಬೇಕೋ ಬೇಡವೋ? ಗೋಣಿಯಿಂದ ಎತ್ತಿದವನೇ ಹಾಗೆಯೇ ಗಣಪತಿಯ ನೆತ್ತಿಗೆ ಸರಿಯಾಗಿ ಮೇಲೆ ಕಟ್ಟಿಬಿಟ್ಟ. ಪಾಚಿಯಿಂದ ನೀರು ತೊಟ್ಟಿಕ್ಕುತ್ತಿದ್ದುದನ್ನು ಕಂಡು ನಮ್ಮ ಅತ್ತೆ, "ಅಭಿಷೇಕ ಆದಂಗೆ ಕಾಣ್ತದೆ" ಎಂದು ಮೆಚ್ಚಿದರು. ಹೊಸ ಬಣ್ಣದ ಗಣಪತಿಯ ಕಿವಿಯ ಮೇಲೆ ಕಲೆ ಬೀಳುತ್ತಿದೆ ಎಂದು ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಚೌತಿಯ ಬೆಳಿಗ್ಗೆ ಭಟ್ಟರು ಬಂದರು. ಅವತ್ತು ಅವರಿಗೆ ಮನೆಯಿಂದ ಮನೆಗೆ ಓಟ. ಸ್ಕೂಟರಿನ ಇಂಜಿನ್ನು ಆರಿಸಿದ್ದಾರೋ ಇಲ್ಲವೋ ಎಂಬ ಅನುಮಾನ ಬರುವಷ್ಟು ಅವಸರದಲ್ಲಿ ಮಂತ್ರ ಹೇಳುತ್ತಾರೆ. ಪ್ರಾಣಪ್ರತಿಷ್ಠೆ ಮುಗಿದು ಅವರು ಅಕ್ಷತೆ ಹಾಕಲು ಕೈ ಎತ್ತಿದರು. ಮೇಲಿನಿಂದ ಎಂಥದೋ ಪಚಕ್ಕೆಂದು ಬಿತ್ತು. ಬಿದ್ದದ್ದು ಗಣಪತಿಯ ಇಲಿಗೂ ಮೋದಕದ ತಟ್ಟೆಗೂ ನಡುವೆ. ಭಟ್ಟರು ಕೂತಲ್ಲಿಂದಲೇ ಹಿಂದಕ್ಕೆ ಜಿಗಿದರು. ಅವರ ಪ್ರಾಯದಲ್ಲಿ ಅಂಥ ಜಿಗಿತವನ್ನು ನಾನು ನಿರೀಕ್ಷಿಸಿರಲಿಲ್ಲ. ನೋಡಿದರೆ ಕಪ್ಪೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಮೈಯೆಲ್ಲ ಕಪ್ಪು ಗುಳ್ಳೆ. ಅಂಗಾತ ಬಿದ್ದಿದ್ದರಿಂದ ಹೊಟ್ಟೆ ಕಾಣುತ್ತಿತ್ತು. ಕರಿ ಹೊಟ್ಟೆಯ ಮೇಲೆ ಅರಿಶಿನದ ಬೊಟ್ಟಿಟ್ಟ ಹಾಗೆ ಹಳದಿ ಮಚ್ಚೆಗಳು. ನಮ್ಮ ಬಚ್ಚಲಿನ ಜಾತಿಯದಲ್ಲ ಎಂಬುದು ನನಗೂ ತಿಳಿಯಿತು. ಅದು ನಿಧಾನವಾಗಿ ಮಗುಚಿಕೊಂಡು, ನಮ್ಮ ಕಡೆ ತಿರುಗಿ ಕೂತು, ಗಂಟಲು ಆಡಿಸತೊಡಗಿತು.

ನಾನು ಕಸಬರಿಗೆಗೆ ಹೊರಟೆ. "ಏ ಶೈಲಾ, ನಿಲ್ಲು!" ಎಂದರು ಅತ್ತೆ. "ಪ್ರತಿಷ್ಠೆ ಆದಮೇಲೆ ಬಂದದ್ದು ಅದು. ದೇವರ ನೆಂಟ. ಓಡಿಸೂದು ಉಂಟೇನೆ?" ನಾನು ಭಟ್ಟರ ಮುಖ ನೋಡಿದೆ. ಪ್ರಾಣಪ್ರತಿಷ್ಠೆ ಆದಮೇಲೆ ಮಂಟಪದಿಂದ ಒಂದೆಲೆಯನ್ನೂ ತೆಗೆಯುವಂತಿಲ್ಲ, ಗಣಪತಿ ಎದ್ದು ನೀರಿಗೆ ಹೋದಮೇಲೆಯೇ ತೆಗೆಯುವುದು, ಅದು ನಿಜ. ಆದರೆ ಎಲೆ ಬೇರೆ, ಕಪ್ಪೆ ಬೇರೆ ಎಂದು ಒಂದು ಮಾತು ಹೇಳಲು ಭಟ್ಟರಿಗೆ ಎಷ್ಟು ಹೊತ್ತು ಬೇಕಿತ್ತು? ಅವರು ಗಡಿಯಾರ ನೋಡಿಕೊಂಡು, "ಇರ್ಲಿ ಇರ್ಲಿ, ದೇವರು ಏಳೂ ತನಕ ಎಂತದೂ ಮುಟ್ಟೂದು ಬ್ಯಾಡ" ಎಂದು ದಕ್ಷಿಣೆ ತೆಗೆದುಕೊಂಡು ಮುಂದಿನ ಮನೆಗೆ ಹೋದರು. ಶಾಸ್ತ್ರಗಳು ಹುಟ್ಟುವುದೇ ಹೀಗಿರಬೇಕು, ಯಾರಿಗೋ ಅವಸರವಾದಾಗ. ನಮ್ಮ ಮನೆಯಲ್ಲಿ ಗಣಪತಿ ಐದು ದಿನ ಕೂರುತ್ತಾನೆ. ಕಪ್ಪೆಯೂ ಐದು ದಿನ ಕೂರಬೇಕೆಂದು ತೀರ್ಮಾನವಾಯಿತು. ಒಂದು ಸ್ಟೀಲಿನ ಬೋಗುಣಿಗೆ ಒದ್ದೆ ಪಾಚಿ ಹಾಸಿ, ಅದರಲ್ಲಿ ಅದನ್ನು ಕೂರಿಸಿ, ಮೇಲೆ ಬಿದಿರ ಬುಟ್ಟಿ ಕವುಚಿ, ಮಂಟಪದಲ್ಲೇ ಬಲಗಡೆ ಇಟ್ಟರು. ಅದರ ಊಟೋಪಚಾರ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕೇ? ಹಬ್ಬಕ್ಕೆಂದು ಕಚೇರಿಗೆ ರಜೆ ಹಾಕಿದ್ದ ನಾನು, ಹಿತ್ತಲಿನ ಕಟ್ಟಿಗೆ ರಾಶಿ ಮಗುಚಿ ಗೆದ್ದಲು ಆರಿಸುತ್ತ ಕೂತೆ.

ಚೌತಿಗೆ ಮನೆಮನೆಯ ಗಣಪತಿ ನೋಡಲು ಜನ ಬರುತ್ತಾರೆ. ಈ ಸಲ ಗಣಪತಿಗೆ ಒಂದು ಕೈ ಮುಗಿದು, ಕಪ್ಪೆಗೆ ಎರಡು ಕಣ್ಣು ಕೊಟ್ಟರು. ಕೈಯಲ್ಲಿ ಚಕ್ಕುಲಿ ಇದ್ದರೆ ಬಾಯಿಯಲ್ಲಿ ಅಭಿಪ್ರಾಯ ಇರಲೇಬೇಕಲ್ಲ. ಒಬ್ಬರು ಇದು ಮಳೆಯ ಸೂಚನೆ ಎಂದರು. ಮೂರು ತಿಂಗಳಿಂದ ಹೊಯ್ಯುತ್ತಿದ್ದ ಮಳೆ ಆಗಲೂ ಹೊರಗೆ ಹೊಯ್ಯುತ್ತಿತ್ತು; ಅವರೇ ಕೊಡೆ ಮಡಚಿ ಒಳಗೆ ಬಂದವರು. ಇನ್ನೊಬ್ಬರು, ಹೊಟ್ಟೆಯ ಹಳದಿ ಬೊಟ್ಟು ದೇವಿಯ ಗುರುತು ಎಂದು ಬುಟ್ಟಿಯ ಮೇಲೆ ಹೂವಿಟ್ಟರು. ದತ್ತಣ್ಣ ಮಾತ್ರ ಬಂದು, ಬಹಳ ಹೊತ್ತು ಬಗ್ಗಿ ನೋಡಿ, "ನಮ್ಮನೆ ಬಾವಿಲೂ ಇಂಥವು ಬೇಕಾದಷ್ಟು ಅವೆ" ಎಂದು ಹೇಳಿ ಪಂಚಕಜ್ಜಾಯ ಮುಟ್ಟದೆ ಹೋದ. ಆ ಸಂತೋಷಕ್ಕೆ ವಸಂತ ಕಪ್ಪೆಯ ಫೋಟೋ ತೆಗೆದು, ತನಗೆ ಗೊತ್ತಿದ್ದ ಎಲ್ಲ ಗುಂಪುಗಳಿಗೂ ವಾಟ್ಸಾಪಿನಲ್ಲಿ ಕಳಿಸಿದ. ಎರಡನೆಯ ದಿನ ಕಪ್ಪೆ ಗೆದ್ದಲು ತಿನ್ನಲಿಲ್ಲ. ನನಗೇನು, ನಾನು ಆರಿಸಿದ್ದಷ್ಟೇ ದಂಡ ಎಂದುಕೊಂಡೆ. ಆದರೂ ಪಾಚಿ ಒಣಗಿದರೆ ವಾಸನೆ ಬಂದೀತೆಂದು, ಬೇರೆ ಯಾವ ಕಾರಣಕ್ಕೂ ಅಲ್ಲ, ಹೋಗುತ್ತ ಬರುತ್ತ ನೀರು ಚಿಮುಕಿಸುತ್ತಿದ್ದೆ.

ಮೂರನೆಯ ದಿನ ಕಾರವಾರದಿಂದ ಜೀವಶಾಸ್ತ್ರದ ಮೇಷ್ಟ್ರೊಬ್ಬರು ಬಂದರು. ಕಾಲೇಜಿನಲ್ಲಿ ಕಲಿಸುವವರಂತೆ. ಫೋಟೋ ನೋಡಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ನಮ್ಮ ಜಿಲ್ಲೆಯಲ್ಲಿ ಇಷ್ಟು ಜನರ ನಿದ್ದೆ ಕೆಡಿಸಲು ಒಂದು ಕಪ್ಪೆ ಸಾಕಾಯಿತು. ಹಾಡಹಗಲಿನಲ್ಲಿ ಹಣೆಗೆ ದೀಪ ಕಟ್ಟಿಕೊಂಡು, ಗಣಪತಿಗೆ ಬೆನ್ನು ಮಾಡಿ, ಬೋಗುಣಿಯ ಮುಂದೆ ಮಂಡಿಯೂರಿದರು. ಆಮೇಲೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಪಾಠ ಶುರುಮಾಡಿದರು. ಇದು ಬೆಟ್ಟದ ಕಾಡಿನ ಹಳ್ಳದ ಬದಿಯಲ್ಲಷ್ಟೇ ಬದುಕುವ ನೆಲಗಪ್ಪೆ. ನಮ್ಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕಾಡು ಕಡಿದಂತೆ, ಹಳ್ಳ ಬತ್ತಿದಂತೆ ಇದೂ ಅಳಿಯುತ್ತಿದೆ. ಚರ್ಮದಿಂದಲೇ ನೀರು ಕುಡಿಯುತ್ತದೆ. ಉಪ್ಪು ತಾಗಿದರೆ ಸಾಯುತ್ತದೆ. ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳಿದರು, ಲ್ಯಾಟಿನ್ನಿನಲ್ಲಿ ಇನ್ನೂ ಉದ್ದದ್ದೊಂದು ಹೇಳಿದರು. ಕನ್ನಡದ ಹೆಸರೇನು ಎಂದು ಕೇಳಿದೆ. ಇಲ್ಲವಂತೆ. ಅಷ್ಟು ಅಪರೂಪದ್ದೆಂದು ಗೊತ್ತಿದ್ದರೂ ಹೆಸರಿಡುವಷ್ಟು ಪುರುಸೊತ್ತು ಯಾರಿಗೂ ಆಗಿರಲಿಲ್ಲ.

"ಹಾಗಾದರೆ ತಗೊಂಡು ಹೋಗಿ" ಎಂದೆ. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. "ನಾನು ಮುಟ್ಟೂ ಹಾಗಿಲ್ಲ ಮೇಡಂ. ಅನುಮತಿ ಬೇಕು. ಹಬ್ಬ ಮುಗಿದ್ಮೇಲೆ ಬರೆದು ಹಾಕ್ತೇನೆ. ಎಲ್ಲಿಂದ ತಂದ್ರೋ ಅಲ್ಲೇ ಬಿಡೂದು ನೀವೇ ಮಾಡ್ಬೇಕು, ಅದೂ ಬೇಗ." ಯಾಕೆ ಬೇಗ ಎಂದು ವಸಂತ ಕೇಳಿದ. ಮೇಷ್ಟ್ರು ಕಪ್ಪೆಯ ಉಬ್ಬಿದ ಪಕ್ಕೆಯ ಕಡೆಗೆ ಪೆನ್ನು ತೋರಿಸಿ, "ಇದು ಹೆಣ್ಣು. ಹೊಟ್ಟೆ ತುಂಬ ಮೊಟ್ಟೆ ಅದೆ. ಹರಿಯೂ ಹಳ್ಳದಲ್ಲೇ ಇಡ್ಬೇಕು, ಬೋಗುಣಿಲಿ ಇಡೂದಿಲ್ಲ. ಇನ್ನೆರಡು ದಿನ ಹೀಗೇ ಇದ್ರೆ ತಾಯಿನೂ ಇಲ್ಲ, ಮರಿನೂ ಇಲ್ಲ" ಎಂದರು. ಒಳ್ಳೆಯ ಉದ್ದೇಶದಿಂದಲೇ ಹೇಳಿದರು ಪಾಪ. ಓದಿದವರಿಗೆ ಯಾವ ಮಾತನ್ನು ಯಾವ ಮನೆಯಲ್ಲಿ ಆಡಬಾರದು ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ.

ಅತ್ತೆ ಕೂತಲ್ಲಿಂದ ಎದ್ದರು. "ಬಸ್ರಿಯನಾ ಇದು?" ಎಂದರು. ಮೇಷ್ಟ್ರು, "ಒಂದು ಲೆಕ್ಕದಲ್ಲಿ ಹೌದು ಅಮ್ಮ" ಎಂದರು. "ಹಂಗಾರೆ ಗಣಪತಿ ಎತ್ತೂ ಹಂಗಿಲ್ಲ" ಎಂದು ಅತ್ತೆ ಸೆರಗು ಬಿಗಿದುಕೊಂಡರು.

ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಕರಾವಳಿಯ ನಮ್ಮಂಥ ಕೆಲವು ಮನೆಗಳಲ್ಲಿ, ಮನೆಯೊಳಗೆ ಬಸುರಿ ಇದ್ದರೆ ಆ ವರ್ಷ ಗಣಪತಿಯನ್ನು ನೀರಿಗೆ ಬಿಡುವುದಿಲ್ಲ. ಹೆರಿಗೆ ಆಗುವ ತನಕ ಗಣಪತಿ ಮನೆಯಲ್ಲೇ ಕೂತಿರುತ್ತಾನೆ. ಅಷ್ಟೂ ದಿನ ದೀಪ, ನೈವೇದ್ಯ ತಪ್ಪುವಂತಿಲ್ಲ. ನಮ್ಮವರು ಪೇಪರಿನ ಮರೆಯಿಂದ ತಲೆ ಎತ್ತಿ, "ಆಯಿ, ಅದು ಕಪ್ಪೆ" ಎಂದರು. ಮೂರು ದಿನದಲ್ಲಿ ಅವರು ಆಡಿದ ಮೊದಲ ಮಾತು. ಅತ್ತೆ, "ಕಪ್ಪೆ ಆದ್ರೆ ಎಂತಾತು? ಹೊಟ್ಟೆ ಹೊಟ್ಟೆಯೇ" ಎಂದರು. ನಮ್ಮವರು ಮತ್ತೆ ಪೇಪರು ಎತ್ತಿಕೊಂಡರು.

ಈಗ ನಮ್ಮ ಪರಿಸ್ಥಿತಿ ನೋಡಿ. ಬಸುರಿ ಕಪ್ಪೆ ಮನೆಯಲ್ಲಿರುವ ತನಕ ಗಣಪತಿ ಏಳುವಂತಿಲ್ಲ. ಗಣಪತಿ ಏಳುವ ತನಕ ಕಪ್ಪೆಯನ್ನು ಮಂಟಪದಿಂದ ತೆಗೆಯುವಂತಿಲ್ಲ. ಕಪ್ಪೆ ಹಳ್ಳಕ್ಕೆ ಹೋಗದೆ ಹೆರುವಂತಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರೆ. ಇಲ್ಲಿ ಎರಡನ್ನೂ ಬಿಟ್ಟು ಕಪ್ಪೆ ಸಾಯುವ ಏರ್ಪಾಟಾಗಿತ್ತು. ಮೇಷ್ಟ್ರು ಹಣೆಯ ದೀಪ ಆರಿಸಿಕೊಂಡು, ನಾನು ತಿನ್ನಲು ಕೊಟ್ಟ ಕರಂಜಿಯನ್ನು ಮಾತ್ರ ಅನುಮತಿ ಇಲ್ಲದೆ ಮುಟ್ಟಿ, ಬಸ್ಸಿಗೆ ಹೋದರು. ಕದ್ದು ತೆಗೆದುಕೊಂಡು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಅತ್ತೆ ಮಂಟಪದ ಮುಂದೆಯೇ ಕೂರುತ್ತಾರೆ, ಅಲ್ಲೇ ಮಲಗುತ್ತಾರೆ, ನಂದಾದೀಪಕ್ಕೆ ಎಣ್ಣೆ ಹೊಯ್ಯಲು. ಅಲ್ಲದೆ ನಾನು ಹಾಗೆ ಮಾಡಿದ್ದರೆ, ಮುಂದೆ ಹತ್ತು ವರ್ಷ ಈ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಅದು ನನ್ನ ತಲೆಗೆ ಬರುತ್ತಿತ್ತು.

ಅವತ್ತು ಮಧ್ಯಾಹ್ನ ಬುಟ್ಟಿ ಎತ್ತಿ ನೋಡಿದೆ. ಕಪ್ಪೆ ಬೋಗುಣಿಯ ಅಂಚಿಗೆ ಮೈ ಒತ್ತಿ ಕೂತಿತ್ತು. ಗಂಟಲು ಆಡುವುದು ನಿಧಾನವಾಗಿತ್ತು. ಸ್ಟೀಲಿನ ಗೋಡೆಯನ್ನು ಹತ್ತಲು ನೋಡಿ ಜಾರಿದ ಗುರುತು, ಪಾಚಿಯ ಮಸಿ, ಸುತ್ತಲೂ ಹತ್ತಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಹೊಟ್ಟೆ ಹೊತ್ತುಕೊಂಡು ಈ ಮಂಟಪದ ಪಕ್ಕ ಹೀಗೆ ಕೂತವಳು ಇವಳೊಬ್ಬಳೇ ಅಲ್ಲ. ನಾನು ಚೊಚ್ಚಲ ಬಸುರಿಯಾಗಿದ್ದಾಗಲೂ ಚೌತಿ ಬಂದಿತ್ತು. ನನ್ನ ಸಲುವಾಗಿ ಗಣಪತಿ ಎದ್ದಿರಲಿಲ್ಲ. ಆ ಗಣಪತಿಗೆ ದಿನವೂ ನೈವೇದ್ಯ ಆಗಬೇಕಲ್ಲ, ಮಾಡುವವರು ಬೇಕಲ್ಲ. ಆದ್ದರಿಂದ ನನ್ನನ್ನು ತವರಿಗೂ ಕಳಿಸಿರಲಿಲ್ಲ. ನನ್ನ ತವರು ಹಾರವಾಡ. ಅಂಕೋಲೆಯಿಂದ ಬಸ್ಸು ಹತ್ತಿ ಟಿಕೆಟ್ಟು ತೆಗೆಯುವುದರೊಳಗೆ ಬರುತ್ತದೆ. ಅಣ್ಣ ಕರೆಯಲು ಬಂದಾಗ ಅತ್ತೆ ಆಡಿದ ಮಾತು ನನಗೆ ಇವತ್ತೂ ಬಾಯಿಪಾಠ: "ಹಾರವಾಡ ಎಂತಾ ತವರು? ಅಲ್ಲಿ ಕೂಗಿದ್ರೆ ಇಲ್ಲಿ ಕೇಳ್ತದೆ. ಬೇಕಾದ್ರೆ ಅವ್ವಿಗೇ ಬಂದ್ಹೋಗೂಕೆ ಹೇಳು." ದೂರದ ಊರಿನ ಹೆಣ್ಣು ತಂದವರು ವರ್ಷಕ್ಕೊಮ್ಮೆಯಾದರೂ ತಿಂಗಳುಗಟ್ಟಲೆ ಕಳಿಸುತ್ತಾರೆ. ಹತ್ತಿರದ ತವರು ಇದ್ದೂ ಇಲ್ಲದ್ದು. ಕಾರವಾರದ ಕಚೇರಿಗೆ ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ ನಾನು ಹೆದ್ದಾರಿಯಲ್ಲಿ ಆ ತಿರುವನ್ನು ದಾಟುತ್ತೇನೆ. ಬಸ್ಸು ನಿಲ್ಲುತ್ತದೆ, ಮೀನಿನ ಬುಟ್ಟಿಯವರು ಇಳಿಯುತ್ತಾರೆ, ನಾನು ಇಳಿಯುವುದಿಲ್ಲ. ಬೆಳಿಗ್ಗೆ ಕಚೇರಿಗೆ ಹೊತ್ತಾಗಿರುತ್ತದೆ, ಸಂಜೆ ಇಲ್ಲಿ ಅನ್ನಕ್ಕೆ ಹೊತ್ತಾಗಿರುತ್ತದೆ. ಅವ್ವ ಅಣ್ಣನ ಮನೆಯಲ್ಲಿ ಸುಖವಾಗಿದ್ದಾಳೆ. ನಾನು ಮೊಮ್ಮಕ್ಕಳಿಗಿಂತ ಹೆಚ್ಚು ಸಲ ಫೋನು ಮಾಡುತ್ತೇನೆ ಎಂದು ಹೊಗಳುತ್ತಾಳೆ. ನನಗೆ ಆ ಹೊಗಳಿಕೆ ಕೇಳಿದರೆ ಕಣ್ಣು ಉರಿಯುತ್ತದೆ.

ನಾನು ಸೆರಗು ಸಿಕ್ಕಿಸಿಕೊಂಡು ಅತ್ತೆಯ ಮುಂದೆ ಹೋಗಿ ನಿಂತೆ. "ಅತ್ತೆ, ಒಂದು ಮಾತು. ಕಪ್ಪೆ ನೆಂಟ ಅಂದ್ರಿ, ನಾ ಒಪ್ದೆ. ಬಸ್ರಿ ಅಂದ್ರಿ, ಅದನ್ನೂ ಒಪ್ದೆ. ಬಸ್ರಿ ಹೆಣ್ಣನ್ನ ತವರಿಗೆ ಕಳಿಸದೆ ಕೂರಿಸಿಕೊಳ್ಳೂದು ಯಾವ ಮನೆ ಶಾಸ್ತ್ರ?"

ಅತ್ತೆ ಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು. "ಮಂಟಪದಿಂದ ತೆಗೂದು ಹೆಂಗೆ?" ಎಂದರು. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ತೆಗೂದು ಯಾರು? ಅದು ತವರಿಗೆ ಹೋಗ್ತದೆ. ಗೌರಿನೂ ತವರಿಗೆ ಬಂದು ಹೋಗೂದಿಲ್ವಾ? ದೇವ್ರಿಗೇ ತವರು ಉಂಟು. ಕಪ್ಪೆಗೆ ಬ್ಯಾಡ್ವಾ?" ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಬಾಯಿ ನಿಲ್ಲಲಿಲ್ಲ. "ಅದ್ರ ತವರೇನು ಹಾರವಾಡ ಅಲ್ಲ, ಕೂಗಿದ್ರೆ ಇಲ್ಲಿ ಕೇಳೂಕೆ" ಎಂದುಬಿಟ್ಟೆ.

ಒಳಗೆ ಪೇಪರು ಮಡಚಿದ ಸದ್ದಾಯಿತು. ಅತ್ತೆ ನನ್ನನ್ನು ನೋಡಿದರು, ಬುಟ್ಟಿಯನ್ನು ನೋಡಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯನ್ನು ನಾನು ಹತ್ತಾರು ಮದುವೆ ಮನೆಗಳಲ್ಲಿ ಕೇಳಿದ್ದೇನೆ. ಸೊಸೆಯ ಕಾಲ ಹೀಗೆ ಕಪ್ಪೆಯ ಬೆನ್ನೇರಿ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಆಮೇಲೆ ಅತ್ತೆ ಹೊಸೆದ ಬತ್ತಿ ಬದಿಗಿಟ್ಟು, "ಬರಿ ಹೊಟ್ಟೆಲಿ ಕಳಿಸೂದು ಬ್ಯಾಡ. ಬಯಕೆ ಮಾಡಿ ಕಳಿಸ್ವ" ಎಂದರು.

ಬಯಕೆ ಎಂದರೆ ಬಸುರಿಗೆ ಬೇಕಾದ್ದು ಮಾಡಿ ಬಡಿಸಿ, ಹೂ ಮುಡಿಸಿ ಕಳಿಸುವುದು. ಇವಳ ಬಯಕೆ ಏನೆಂದು ಕೇಳಲು ಮೇಷ್ಟ್ರಿಗೆ ಫೋನು ಹೋಯಿತು. ಅವರು ಬಯಕೆಯ ವಿಷಯ ಬಿಟ್ಟು, ಅರಿಶಿನ ಕುಂಕುಮ ಹಚ್ಚಬೇಡಿ, ಸೋಪು ಎಣ್ಣೆ ತಾಗಿದ ಕೈಯಲ್ಲಿ ಮುಟ್ಟಬೇಡಿ, ಆ ಬಳ್ಳಿಯನ್ನೂ ವಾಪಸು ಒಯ್ಯಿರಿ ಎಂದು ಕೂಗಿದರು. ಬಳ್ಳಿಯನ್ನು ಬಿಚ್ಚಲು ಅತ್ತೆ ಬಿಡಲಿಲ್ಲ. ಅದು ನೆಂಟನೂ ಅಲ್ಲ, ಬಸುರಿಯೂ ಅಲ್ಲವಂತೆ. ಕಪ್ಪೆಯನ್ನು ಒಯ್ಯಲು ಒಂದು ಡಬ್ಬಿಗೆ ತೂತು ಮಾಡಿ, ಕುಂಕುಮವನ್ನು ಅದರ ಮುಚ್ಚಳಕ್ಕೆ ಹಚ್ಚಿದರು. ನಾಲ್ಕು ಅಬ್ಬಲಿಗೆ ಹೂವನ್ನು ಡಬ್ಬಿಯ ಕಿವಿಗೆ ಸಿಕ್ಕಿಸಿದರು. ಗೆದ್ದಲು ನಾನು ಆರಿಸಿದೆ. ಆಶ್ಚರ್ಯವೆಂದರೆ ಅವತ್ತು ಕಪ್ಪೆ ಎರಡು ಗೆದ್ದಲು ತಿಂದಿತು. ಅತ್ತೆ, "ಕಾಣು, ತವರಿನ ಸುದ್ದಿ ಕೇಳಿ ಹಸಿವಾತು" ಎಂದರು. ಎದುರು ಮನೆಯಿಂದ ದತ್ತಣ್ಣನ ಹೆಂಡತಿ ಬಂದು ಸೋಬಾನೆ ಹೇಳಲೇ ಎಂದು ಕೇಳಿದಳು. ನಾನು ಅವಳನ್ನು ನೋಡಿದ ರೀತಿಗೆ ಅವಳು ಬಂದ ದಾರಿಯಲ್ಲೇ ಮನೆಗೆ ಹೋದಳು. ಬಸುರಿಯನ್ನು ಮುಟ್ಟಿಸಿ ಬರಲು ಮನೆಯ ಹಿರಿ ಸೊಸೆಯೇ ಹೋಗಬೇಕು ಎಂದು ಅತ್ತೆ ಇನ್ನೊಂದು ಶಾಸ್ತ್ರ ತೆಗೆದರು. ಹೀಗೆ ಮರುದಿನ ಬೆಳಿಗ್ಗೆ ಮಳೆಯಲ್ಲಿ, ವಸಂತನ ಬೈಕಿನ ಹಿಂದೆ, ರೇನ್‌ಕೋಟಿನೊಳಗೆ ಕುಂಕುಮ ಹಚ್ಚಿದ ತೂತಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಜಗತ್ತಿನಲ್ಲಿ ಕಪ್ಪೆಯನ್ನು ಎಲ್ಲಕ್ಕಿಂತ ಹೆಚ್ಚು ದ್ವೇಷಿಸುವ ಹೆಂಗಸು ಹೊರಟಳು. ದಾರಿಯುದ್ದಕ್ಕೂ ವಸಂತ ಹೊಂಡ ಹಾರಿಸಿದಾಗಲೆಲ್ಲ, "ನಿಧಾನ ಹೊಡಿಯಾ, ಒಳಗೆ ಬಸ್ರಿ ಅದೆ" ಎಂದು ನಾನೇ ಬೈಯುತ್ತಿದ್ದೆ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅದು ಸುಳ್ಳು ಎಂದು ಹೇಳಲು ನನಗೆ ಧೈರ್ಯ ಸಾಲದು.

ಬೆಟ್ಟ ಹತ್ತುವಾಗ ಎರಡು ಉಂಬಳ ಕಾಲಿಗೆ ಕಚ್ಚಿ ರಕ್ತ ಹೀರಿದವು, ಒಮ್ಮೆ ಜಾರಿ ಕೂತೆ. ಕಾಡನ್ನು ಕಂಡು ಕವಿಗಳಿಗೆ ಏನೇನೋ ಆಗುತ್ತದಂತೆ. ನನಗೆ ಮಂಡಿ ನೋವಾಯಿತು. ಹಳ್ಳ ಬಂದಾಗ ಅದರ ಸದ್ದಿಗೆ ವಸಂತನ ಮಾತು ಕೇಳದಾಯಿತು, ಅದೊಂದು ಉಪಕಾರ. ಅವನು ಬಳ್ಳಿ ಕಿತ್ತ ಬಂಡೆ ತೋರಿಸಿದ. ಪಾಚಿಯ ಹಸಿರಿನ ನಡುವೆ ಕಂಬಳಿಯಷ್ಟು ಜಾಗ ಬೋಳಾಗಿ, ಕಲ್ಲು ಬೆಳ್ಳಗೆ ಕಾಣುತ್ತಿತ್ತು. ಇವಳ ಮನೆಯ ಮಾಡನ್ನೇ ಕಿತ್ತು ನಾವು ಗಣಪತಿಯ ತಲೆಯ ಮೇಲೆ ಕಟ್ಟಿದ್ದೆವು, ದತ್ತಣ್ಣನ ಡ್ರ್ಯಾಗನ್ ಫ್ರೂಟಿಗೆ ಉತ್ತರವಾಗಿ. ವಸಂತನ ಮುಖ ಸಣ್ಣದಾಯಿತು.

ಬೋಳಾದ ಜಾಗದ ಪಕ್ಕ, ಪಾಚಿ ಉಳಿದಿದ್ದ ಕಡೆ ಡಬ್ಬಿಯನ್ನು ಅಡ್ಡ ಇಟ್ಟು ಮುಚ್ಚಳ ತೆಗೆದೆ. ಕಪ್ಪೆ ಹೊರಗೆ ಬರಲಿಲ್ಲ. ಅಂಚಿನಲ್ಲಿ ಕೂತು ಗಂಟಲು ಆಡಿಸಿತು. ಇಷ್ಟು ದೂರ ತಂದರೂ ಇದರ ಬಿಂಕ ನೋಡು ಎಂದು ನನಗೆ ರೇಗಿತು. "ಹೋಗೆ, ತವರು ಬಂತು" ಎಂದೆ. ನೀರಿನ ಹನಿ ಸಿಡಿದು ಅದರ ಬೆನ್ನಿಗೆ ಬಿತ್ತು. ಅದು ಮೈ ತಗ್ಗಿಸಿ, ಒಂದು ಕಾಲು ಮುಂದಿಟ್ಟು, ಇನ್ನೊಂದು ಕಾಲು ಮುಂದಿಟ್ಟು, ನೆಗೆಯದೆ, ಅವಸರ ಮಾಡದೆ, ಸ್ವಂತ ಮನೆಯ ಜಗಲಿಯಲ್ಲಿ ನಡೆಯುವವರ ಹಾಗೆ ನಡೆದು ಬಂಡೆಯ ಸಂದಿಯೊಳಗೆ ಹೋಯಿತು. ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಬಹಳ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ನನಗೆ ಹೊಟ್ಟೆಕಿಚ್ಚಾಗಿತ್ತು, ಬೇರೇನೂ ಅಲ್ಲ.

ಮರಳಿ ಬರುವಾಗ ಹೆದ್ದಾರಿಯಲ್ಲಿ ಹಾರವಾಡದ ತಿರುವು ಬಂತು. ವಸಂತ ಬೈಕಿನ ವೇಗ ಕಡಿಮೆ ಮಾಡಿ, ಹಿಂದೆ ತಿರುಗದೆ, "ವೈನಿ, ಇಳೀತ್ರಾ?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ನಾನು ಕೆಸರು ಮೆತ್ತಿದ ಸೀರೆ, ಉಂಬಳ ಕಚ್ಚಿದ ಕಾಲು, ಕುಂಕುಮ ತೊಳೆದುಹೋದ ಖಾಲಿ ಡಬ್ಬಿ ನೋಡಿಕೊಂಡು, "ಸಂಜೆ ಆರತಿ ಅದೆ, ನಡಿ" ಎಂದೆ. ತವರಿಗೆ ಕಳಿಸಲಿಲ್ಲ ಎಂದು ಇಪ್ಪತ್ತು ವರ್ಷ ಹಲುಬಿದವಳು, ಬಾಗಿಲಿಗೆ ಬಂದಾಗ ಆರತಿಯ ನೆಪ ಹೇಳಿದೆ. ಇಂಥವಳನ್ನು ಯಾವ ಅತ್ತೆ ತಾನೇ ಕಳಿಸಿಯಾಳು?

ಐದನೆಯ ದಿನ ಗಣಪತಿ ಯಾವ ಅಡ್ಡಿಯೂ ಇಲ್ಲದೆ ಎದ್ದು ಸಮುದ್ರಕ್ಕೆ ಹೋದ. ಫಲಾವಳಿಯ ಬಳ್ಳಿಯನ್ನು ವಸಂತ ಯಾರಿಗೂ ಹೇಳದೆ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಮರುದಿನ ಬಸ್ಸಿಗೆ ಒಯ್ದ. ಅದು ಬೇರು ಬಿಟ್ಟಿತೋ ಇಲ್ಲವೋ ಗೊತ್ತಿಲ್ಲ. ಅತ್ತೆ ಮಾತ್ರ ಕಪ್ಪೆಯನ್ನು ಬಿಟ್ಟಿಲ್ಲ. "ಹೆತ್ಲಾ ಇಲ್ವಾ, ಒಂದು ಸುದ್ದಿ ಇಲ್ಲ" ಎಂದು ದಿನಕ್ಕೊಮ್ಮೆಯಾದರೂ ಹಲುಬುತ್ತಾರೆ. ಈಗ ಮತ್ತೆ ಚೌತಿ ಹತ್ತಿರ ಬಂದಿದೆ. ಮೊನ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಭೀರವಾಗಿ ಹೇಳಿದರು: "ಶೈಲಾ, ಹೆಣ್ಣನ್ನ ತವರಿಗೆ ಬಿಟ್ಟು ಬಂದ್ಮೇಲೆ ಕಾಣೂಕೆ ಹೋಗದಿದ್ರೆ ಜನ ಎಂತ ಹೇಳೂರು? ನೀನೇ ಹೋಗ್ಬೇಕು. ಚೌತಿ ಹಿಂದಿನ ದಿನವೇ ಹೋಗು. ಅವಸರ ಮಾಡಬ್ಯಾಡ, ಬೇಕಾದ್ರೆ ದಾರಿಲಿ ಎಲ್ಲಾದ್ರೂ ಉಳಕಂಡೇ ಬಾ. ಅಡುಗೆ ನಾ ಕಾಣ್ಕಂತೆ."

ಹೋಗುವುದಿಲ್ಲ, ಕಪ್ಪೆಗೂ ನನಗೂ ಏನು ಸಂಬಂಧ ಎಂದು ನಾನು ಕೂಗಾಡಿದೆ. ಕೂಗಾಡದೆ ಒಪ್ಪಿದರೆ ಈ ಮನೆಯಲ್ಲಿ ಅನುಮಾನ ಪಡುತ್ತಾರೆ. ಅತ್ತೆ ಪಟ್ಟು ಬಿಡಲಿಲ್ಲ, ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಕಚೇರಿಯಲ್ಲಿ ರಜೆ ಅರ್ಜಿ ಕೊಟ್ಟು ಬಂದಿದ್ದೇನೆ. ಈ ಮನೆಯವರು ನನ್ನನ್ನು ತವರಿಗೆ ಹೋಗೆಂದು ಒತ್ತಾಯ ಮಾಡಿದ್ದು ಇದೇ ಮೊದಲು. ಅದು ಕಪ್ಪೆಯ ತವರಾದರೂ ಸೈ, ದಾರಿ ಹಾರವಾಡದ ಮೇಲೆಯೇ ಹೋಗುತ್ತದೆ.